ಆಯಿಗೆ 86 ವರ್ಷ: ತೊಡೆಯ ಮೂಲಕ ಹೃದಯದ ವಾಲ್ವ್ ಹಾಕಿಸುವುದೋ, ಬಿಡುವುದೋ?

ದಣಪೆಮನೆ (ಶಿರಸಿ ತಾಲೂಕು)

ನಮ್ಮ ಆಯಿಗೆ (ಅಮ್ಮನಿಗೆ) 86. ಬಿಪಿ ಮಾತ್ರೆ ಒಂದು ಬಿಟ್ಟರೆ ಬೇರೆ ಔಷಧ ಕಂಡವಳಲ್ಲ. ಹೋದ ಮಳೆಗಾಲದಿಂದ ಏದುಸಿರು ಶುರುವಾಗಿದೆ. ಕೊಟ್ಟಿಗೆಯಿಂದ ಮನೆಗೆ ಬರುವಾಗ ದಣಪೆ ಪಕ್ಕದ ಕಲ್ಲಿನ ಮೇಲೆ ಕೂತು, ಸೆರಗಿನಿಂದ ಮುಖ ಒರೆಸಿಕೊಂಡು, "ಸೆಕೆ" ಅನ್ನುತ್ತಾಳೆ. ಪುಷ್ಯ ಮಾಸದ ಚಳಿಯಲ್ಲಿ ಯಾರಿಗೆ ಸೆಕೆ? ಮೊನ್ನೆ ಬಚ್ಚಲೊಲೆಗೆ ಬೆಂಕಿ ಒಟ್ಟಲು ಹೋದವಳು ಸೌದೆ ಎತ್ತಿ ನಿಂತದ್ದೇ ಕಣ್ಣು ಕತ್ತಲೆ ಬಂದು ಕುಸಿದಳು. ನನ್ನ ಹೆಂಡತಿ ಅಲ್ಲೇ ಇದ್ದಳು, ತಲೆ ಕಲ್ಲಿಗೆ ತಾಗಲಿಲ್ಲ.

ಶಿರಸಿಯಲ್ಲಿ ಎಕೋ ಮಾಡಿಸಿದೆವು. "ಸಿವಿಯರ್ ಕ್ಯಾಲ್ಸಿಫಿಕ್ ಅಯೋರ್ಟಿಕ್ ಸ್ಟೆನೋಸಿಸ್" ಅಂತ ಬಂತು, ಅಂದರೆ ಹೃದಯದಿಂದ ಮೈಗೆ ರಕ್ತ ಹೋಗುವ ಬಾಗಿಲಿನ ವಾಲ್ವ್ (ಕವಾಟ) ಸುಣ್ಣ ಕಟ್ಟಿ ತೀರಾ ಬಿಗಿದಿದೆ ಅಂತ. ವಾಲ್ವ್ ಏರಿಯಾ 0.7, ಮೀನ್ ಗ್ರೇಡಿಯಂಟ್ 48, ಇ.ಎಫ್. 55. ಅಲ್ಲಿಂದ ದೊಡ್ಡ ಆಸ್ಪತ್ರೆಯೊಂದಕ್ಕೆ ಹೋದೆವು, ಹೆಸರು ಬೇಡ. ಎದೆ ತೆರೆಯುವ ಆಪರೇಷನ್ ಈ ವಯಸ್ಸಿಗೆ ಬೇಡ, ತೊಡೆಯ ರಕ್ತನಾಳದ ಮೂಲಕ ಹೊಸ ವಾಲ್ವ್ ಕೂರಿಸುವ "ಟಾವಿ" ಮಾಡಬಹುದು ಅಂದರು. ಅಂದಾಜು ಖರ್ಚು 18 ಲಕ್ಷ. ಡಾಕ್ಟರು ಮಾತಾಡಿದ್ದಕ್ಕಿಂತ ಹೆಚ್ಚು ಹೊತ್ತು ಬಿಲ್ಲಿಂಗ್ ಕೌಂಟರಿನವರು ಮಾತಾಡಿದರು.

ಮನೆಯಲ್ಲೀಗ ಮೂರು ಪಕ್ಷ. ಬೆಂಗಳೂರಿನ ತಮ್ಮ "ನಾಳೆಯೇ ಅಡ್ಮಿಟ್ ಮಾಡು, ಸಾಲ ನಾನು ಮಾಡ್ತೆ" ಅನ್ನುತ್ತಾನೆ. ಹೊನ್ನಾವರಕ್ಕೆ ಕೊಟ್ಟ ತಂಗಿ "ಈ ವಯಸ್ಸಲ್ಲಿ ಅವಳಿಗೆ ಹಿಂಸೆ ಕೊಡಬೇಡಿ" ಅಂತ ಅಳುತ್ತಾಳೆ. ಆಯಿಯದು ಒಂದೇ ಮಾತು: "ಯಂಗೆಂತೂ ಬ್ಯಾಡ, ಕೊನೆಕೊಯ್ಲಿನ ದುಡ್ಡು ತಗಂಡು ಹೋಗಿ ಆಸ್ಪತ್ರಿಗೆ ಸುರಿಯಡಿ."

85 ದಾಟಿದವರಿಗೆ ಇದನ್ನು ಮಾಡಿಸಿದವರು ಇದ್ದೀರಾ? ಬೇಡ ಅಂತ ಬಿಟ್ಟವರಿದ್ದರೂ ಹೇಳಿ.

ಘಟ್ಟದ ಕೆಳಗಿನವ (ಕುಮಟಾ)

ಬೇಜಾರು ಮಾಡ್ಕೊಬೇಡಿ, ನೇರ ಹೇಳ್ತೆ. 86 ವರ್ಷ ಮಕ್ಕಳು ಮೊಮ್ಮಕ್ಕಳನ್ನೆಲ್ಲ ಕಂಡು ಬಾಳಿದ ಜೀವ. ಅವರೇ ಬೇಡ ಅಂದಮೇಲೆ ಮುಗೀತು. ನಮ್ಮಜ್ಜ ಅಂಗಳದಲ್ಲಿ ಅಡಿಕೆ ಹರವುತ್ತಾ ಇದ್ದವರು ಹಾಗೇ ಹೋದರು, ಊರೇ ಪುಣ್ಯವಂತ ಅಂತು. ಈಗ ಎಲ್ಲರನ್ನೂ ಐಸಿಯುನಲ್ಲಿ ಪೈಪು ಚುಚ್ಚಿ ಕಳಿಸೂದು ಫ್ಯಾಶನ್ ಆಗಿದೆ. 18 ಲಕ್ಷಕ್ಕೆ ಒಬ್ಬ ಮೊಮ್ಮಗನ ಇಂಜಿನಿಯರಿಂಗ್ ಆಗ್ತದೆ ಮಾರಾಯ್ರೆ.

ಬೈತಖೋಲ ಬಂದರು (ಕಾರವಾರ)

ನಮ್ಮ ಅಪ್ಪನಿಗೆ ಮಾಡಿಸಿದ್ದೇವೆ. ಆಗ ಅವರಿಗೆ 83. ಜನ್ಮವಿಡೀ ಸಮುದ್ರದಲ್ಲಿ ದುಡಿದವರು, ಕೊನೆಕೊನೆಗೆ ಬಲೆ ರಿಪೇರಿಗೆ ಕೂರುತ್ತಿದ್ದರು. ಬಂದರಿನಿಂದ ಮನೆಗೆ ಏರು ಹತ್ತುವಾಗ ಎದೆ ಹಿಡಿದುಕೊಂಡು ನಿಲ್ಲುತ್ತಿದ್ದರು. ನಾವು ಹಾರ್ಟ್ ಬ್ಲಾಕ್ ಅಂದುಕೊಂಡು ಆಂಜಿಯೋಗ್ರಾಂ ಮಾಡಿಸಿದರೆ ನಾಳ ಎಲ್ಲ ಸರಿ ಇತ್ತು, ವಾಲ್ವ್ ಕೆಟ್ಟಿತ್ತು.

ಪೂರ್ತಿ ಅರಿವಳಿಕೆ ಕೊಡಲಿಲ್ಲ, ಮಂಪರು ಬರಿಸುವಷ್ಟೇ. ತೊಡೆಯ ಸಂದಿಯಲ್ಲಿ ತೂತು. ಸಂಜೆ ನಾನು ಒಳಗೆ ಹೋದಾಗ "ಊಟ ಎಲ್ಲಿ" ಅಂತ ಕೇಳಿದರು, ಅಷ್ಟು ಸಲೀಸು. ಆದರೆ ಮರುದಿನ ಬೆಳಿಗ್ಗೆ ನಾಡಿ 38ಕ್ಕೆ ಇಳಿಯಿತು. ಹೊಸ ವಾಲ್ವ್ ಒತ್ತಿ ಹೃದಯದ ಕರೆಂಟು ಹೋಗುವ ದಾರಿ ಕಟ್ಟಾಗಿದೆ, ಪೇಸ್‌ಮೇಕರ್ ಬೇಕು ಅಂದರು. ಹಾಕಿಸಿದೆವು. ಅದಕ್ಕೆ ಬೇರೆ ಬಿಲ್ಲು. ಹೀಗೂ ಆಗಬಹುದು ಅಂತ ಸಹಿ ಹಾಕಿಸಿಕೊಂಡ ಕಾಗದದಲ್ಲಿ ಸಣ್ಣ ಅಕ್ಷರದಲ್ಲಿ ಇತ್ತಂತೆ, ಬಾಯಿ ಬಿಟ್ಟು ಯಾರೂ ಹೇಳಿರಲಿಲ್ಲ. ನನಗೆ ಸಿಟ್ಟಿರುವುದು ಅದರ ಮೇಲೆ ಮಾತ್ರ, ಚಿಕಿತ್ಸೆ ಮೇಲಲ್ಲ. ನೀವು ಪ್ಯಾಕೇಜ್ ಕೇಳುವಾಗ "ಪೇಸ್‌ಮೇಕರ್ ಬಿದ್ದರೆ ಎಷ್ಟು" ಅಂತ ಬರೆಸಿಕೊಳ್ಳಿ.

ಈಗ ಹೇಗಿದ್ದಾರೆ ಅಂದರೆ, ದೋಣಿಗೆ ಹೋಗುವುದಿಲ್ಲ. ಬಂದರಿನವರೆಗೆ ನಡೆದು ಹೋಗಿ, ಬಂಗುಡೆ ರೇಟು ಕೇಳಿ, ನಮ್ಮ ಮೇಲೆ ರೇಗಿ, ಏರು ಹತ್ತಿ ಬರುತ್ತಾರೆ. ಮಂಡಿನೋವು, ಮರೆವು ಇದ್ದೇ ಇದೆ. ಅದನ್ನು ವಾಲ್ವ್ ಸರಿ ಮಾಡುವುದಿಲ್ಲ.

ಹಳೇ ಸ್ಟೆತಸ್ಕೋಪ್ (ನಿವೃತ್ತ ಫಿಜಿಷಿಯನ್, ಕುಮಟಾ)

ನಾನು ಹೃದಯ ತಜ್ಞನಲ್ಲ, ಆದರೆ ಈ ಕಾಯಿಲೆಯವರನ್ನು ಬಹಳ ಮಂದಿ ನೋಡಿದ್ದೇನೆ. ಟಾವಿ ಬರುವ ಮೊದಲು ನೋಡಿದ್ದೇ ಹೆಚ್ಚು. ಆಗ ಕೈಕಟ್ಟಿ ಕೂರಬೇಕಿತ್ತು.

ಮೊದಲು ನಿಮ್ಮ ರಿಪೋರ್ಟು. ಈ ಕವಾಟ ಸರಿಯಾಗಿ ತೆರೆದರೆ 3ರಿಂದ 4 ಚದರ ಸೆಂಟಿಮೀಟರ್ ದಾರಿ ಇರುತ್ತದೆ. 1ಕ್ಕಿಂತ ಕಡಿಮೆಯಾದರೆ ತೀವ್ರ ಅನ್ನುತ್ತೇವೆ, ನಿಮ್ಮ ಆಯಿಯದು 0.7. ಸರಾಸರಿ ಒತ್ತಡದ ವ್ಯತ್ಯಾಸ 40 ದಾಟಿದರೂ ತೀವ್ರವೇ, ಅವರದು 48. ಇ.ಎಫ್. 55 ಅಂದರೆ ಹೃದಯದ ಸ್ನಾಯು ಇನ್ನೂ ಸೋತಿಲ್ಲ. ನಿಮ್ಮ ತೋಟದ ಪೈಪಿನ ಗೇಟ್ ವಾಲ್ವ್ ಮುಕ್ಕಾಲು ಮುಚ್ಚಿ ಪಂಪು ಓಡಿಸಿದ ಹಾಗೆ ಇದು. ಪಂಪು ಸದ್ಯ ಓಡುತ್ತಿದೆ, ಎಷ್ಟು ದಿನ ಎಂಬುದು ಪ್ರಶ್ನೆ.

ವಯಸ್ಸಾದಂತೆ ಕವಾಟದ ಎಸಳುಗಳಲ್ಲಿ ಸುಣ್ಣ ಕಟ್ಟುತ್ತದೆ. ಇದನ್ನು ಕರಗಿಸುವ ಮಾತ್ರೆ ಇಲ್ಲ. ಕೊಲೆಸ್ಟರಾಲಿನ ಮಾತ್ರೆಯಿಂದ ತಡೆಯಬಹುದೇ ಅಂತಲೂ ಪರೀಕ್ಷಿಸಿ ನೋಡಿದರು, ಆಗಲಿಲ್ಲ. ಸುಣ್ಣ ಕರಗಿಸುವ ಕಷಾಯ ಅಂತ ಯಾರಾದರೂ ಮಾರಿದರೆ ತರಬೇಡಿ. ಏದುಸಿರು, ಎದೆನೋವು, ತಲೆ ತಿರುಗಿ ಬೀಳುವುದು, ಇವುಗಳಲ್ಲಿ ಒಂದು ಶುರುವಾದ ಮೇಲೆ ಕಾಯಿಲೆಯ ನಡೆ ಬದಲಾಗುತ್ತದೆ. ಚಿಕಿತ್ಸೆ ಇಲ್ಲದಿದ್ದರೆ ಹೆಚ್ಚುಕಮ್ಮಿ ಅರ್ಧದಷ್ಟು ಮಂದಿ ಎರಡು ವರ್ಷದೊಳಗೆ ತೀರಿಕೊಳ್ಳುತ್ತಾರೆ. ಘಟ್ಟದ ಕೆಳಗಿನವರ ಅಜ್ಜನಿಗೆ ಸಿಕ್ಕಂತಹ ಸಾವು ಇವರಲ್ಲೂ ಕೆಲವರಿಗೆ ಸಿಗುತ್ತದೆ. ಬಹಳ ಮಂದಿಗೆ ಸಿಗುವುದಿಲ್ಲ. ಶ್ವಾಸಕೋಶಕ್ಕೆ ನೀರು ತುಂಬಿ, ಮಲಗಲಾರದೆ, ರಾತ್ರಿಯಿಡೀ ಕೂತೇ ಇರುವುದು, ತಿಂಗಳಿಗೊಮ್ಮೆ ಆಸ್ಪತ್ರೆ. "ಏನೂ ಮಾಡದೆ ಸುಮ್ಮನೆ ಬಿಡುವುದು" ಅನ್ನುವಾಗ ಅದರಲ್ಲಿ ಇದೂ ಸೇರಿದೆ ಅಂತ ತಿಳಿದು ಮಾತಾಡಬೇಕು.

ಇನ್ನು ಟಾವಿ. ಫ್ರಾನ್ಸಿನ ರುಆನ್ ಊರಿನಲ್ಲಿ ಅಲಾನ್ ಕ್ರಿಬಿಯೇ ಎಂಬ ವೈದ್ಯರು 2002ರ ಏಪ್ರಿಲ್‌ನಲ್ಲಿ ಮೊದಲ ಬಾರಿ ಮನುಷ್ಯನಿಗೆ ಮಾಡಿದರು. ಮಡಚಿದ ಕವಾಟವನ್ನು ತೊಡೆಯ ಅಪಧಮನಿಯ ಮೂಲಕ ಹೃದಯದ ಬಾಗಿಲಿಗೆ ಒಯ್ದು ಅಲ್ಲಿ ಅರಳಿಸುತ್ತಾರೆ. ಹಳೆಯದನ್ನು ಕಿತ್ತು ತೆಗೆಯುವುದಿಲ್ಲ, ಅದು ಗೋಡೆಗೆ ಒತ್ತಿಕೊಂಡು ಅಲ್ಲೇ ಉಳಿಯುತ್ತದೆ. ಬಲೂನಿನಿಂದ ಅರಳಿಸುವ ಬಗೆಯಲ್ಲಿ ಕವಾಟ ಜಾರಬಾರದೆಂದು ಕೆಲವು ಸೆಕೆಂಡು ಹೃದಯವನ್ನು ನಿಮಿಷಕ್ಕೆ 180ರ ಆಸುಪಾಸಿನ ವೇಗದಲ್ಲಿ ಓಡಿಸಿ ರಕ್ತದ ರಭಸ ತಗ್ಗಿಸುತ್ತಾರೆ. ಇನ್ನೊಂದು ಬಗೆ ನಿಕ್ಕಲ್ ಮತ್ತು ಟೈಟಾನಿಯಂ ಸೇರಿದ ಲೋಹದ್ದು. ತಣ್ಣಗಿದ್ದಾಗ ಮಡಚಿ ಒಳಗೆ ಬಿಟ್ಟರೆ ಮೈಯ ಬಿಸಿಗೆ ತಾನೇ ಅರಳುತ್ತದೆ.

ಆಪರೇಷನ್ ತಡೆಯಲಾರದ ವೃದ್ಧರ ಮೇಲೆ ನಡೆದ ಪಾರ್ಟ್‌ನರ್ ಅಧ್ಯಯನ 2010ರಲ್ಲಿ ಪ್ರಕಟವಾಯಿತು. ಅವರ ಸರಾಸರಿ ವಯಸ್ಸು 83. ಒಂದು ವರ್ಷದಲ್ಲಿ ಟಾವಿ ಇಲ್ಲದವರಲ್ಲಿ ನೂರಕ್ಕೆ 50.7 ಮಂದಿ ತೀರಿಕೊಂಡರು, ಮಾಡಿಸಿಕೊಂಡವರಲ್ಲಿ 30.7. ಇದು ಚಿಕ್ಕ ಲಾಭವಲ್ಲ. ಆದರೆ ಅದೇ ಜನರನ್ನು ಐದು ವರ್ಷ ಹಿಂಬಾಲಿಸಿದಾಗ ವಾಲ್ವ್ ಹಾಕಿಸಿಕೊಂಡವರಲ್ಲೂ ನೂರಕ್ಕೆ 72ರಷ್ಟು ಮಂದಿ ಇರಲಿಲ್ಲ; ಹಾಕಿಸಿಕೊಳ್ಳದವರಲ್ಲಿ 94ರಷ್ಟು. ಅವರು ತೀರಾ ಜರ್ಜರಿತರಾದ ರೋಗಿಗಳು, ಆಗಿನ ಉಪಕರಣವೂ ದಪ್ಪ. ಈಗ ಫಲಿತಾಂಶ ಇನ್ನೂ ಚೆನ್ನಾಗಿದೆ. ಆದರೂ ಆ ಐದು ವರ್ಷದ ಸಂಖ್ಯೆಯನ್ನು ರೋಗಿಯ ಮನೆಯವರಿಗೆ ಯಾರೂ ಹೇಳುವುದಿಲ್ಲ ಅಂತ ನನಗೆ ಅಸಮಾಧಾನ.

ಘಟ್ಟದ ಕೆಳಗಿನವ

ಡಾಕ್ಟ್ರೇ, ಅದನ್ನೇ ನಾನೂ ಹೇಳಿದ್ದು. ಐದು ವರ್ಷಕ್ಕೆ ಮುಕ್ಕಾಲು ಜನ ಹೋಗೂದಾದ್ರೆ 18 ಲಕ್ಷ ಎಂತಕ್ಕೆ?

ಹಳೇ ಸ್ಟೆತಸ್ಕೋಪ್

86ರವರಿಗೆ ಯಾವ ಕಾಯಿಲೆ ಇಲ್ಲದಿದ್ದರೂ ಐದು ವರ್ಷದ ಭರವಸೆ ಯಾರು ಕೊಡುತ್ತಾರೆ? ಈ ವಯಸ್ಸಿನಲ್ಲಿ ನಾವು ಕೇಳಬೇಕಾದ್ದು ಎಷ್ಟು ವರ್ಷ ಅಂತಲ್ಲ, ಆ ವರ್ಷಗಳಲ್ಲಿ ಆಯಿ ಕೊಟ್ಟಿಗೆಗೆ ನಡೆದು ಹೋಗುತ್ತಾರೋ ಮಂಚದಲ್ಲಿ ಕೂತು ಏದುತ್ತಾರೋ ಅಂತ. ಅದಕ್ಕೆ ಉತ್ತರ ಜನನ ಪ್ರಮಾಣಪತ್ರದಲ್ಲಿ ಇಲ್ಲ. ಅಮೆರಿಕದ 2020ರ ಮಾರ್ಗಸೂಚಿ 80 ದಾಟಿದವರಿಗೆ ಎದೆ ತೆರೆಯುವುದಕ್ಕಿಂತ ಟಾವಿಯೇ ಲೇಸು ಅನ್ನುತ್ತದೆ, ಯುರೋಪಿನ 2021ರದ್ದು 75ಕ್ಕೇ ಆ ಗೆರೆ ಎಳೆಯಿತು. ಆದರೆ ಎರಡೂ ಕಡೆ ಒಂದು ಮಾತಿದೆ: ಕವಾಟ ಸರಿಹೋದರೂ ಬದುಕು ಸುಧಾರಿಸದು ಅನ್ನಿಸಿದರೆ ಮಾಡಬೇಡಿ.

ದಣಪೆಮನೆಯವರೇ, ಮನೆಯಲ್ಲೇ ಒಂದು ಕೆಲಸ ಮಾಡಿ. ಜಗಲಿಯಲ್ಲಿ ಐದು ಮೀಟರ್ ಅಳೆದು, ಆಯಿಗೆ ತಮ್ಮ ಎಂದಿನ ನಡಿಗೆಯಲ್ಲಿ ನಡೆಯಲು ಹೇಳಿ. ಆರು ಸೆಕೆಂಡಿಗಿಂತ ಹೆಚ್ಚು ಹಿಡಿದರೆ ನಡಿಗೆ ನಿಧಾನ ಅಂತ ಲೆಕ್ಕ. ತಜ್ಞರೂ ಇದನ್ನು ನೋಡುತ್ತಾರೆ. ಒಂದು ವರ್ಷದಲ್ಲಿ ತೂಕ ಎಷ್ಟು ಇಳಿದಿದೆ, ಸ್ನಾನ, ಊಟ, ಸೀರೆ ಉಡುವುದು ತಾವೇ ಮಾಡುತ್ತಾರೋ, ನಿನ್ನೆ ಬಂದವರು ಯಾರು ಅಂತ ನೆನಪಿದೆಯೋ, ಇವನ್ನೂ ಬರೆದಿಟ್ಟುಕೊಳ್ಳಿ. ಹಿಮೋಗ್ಲೋಬಿನ್ ಎಷ್ಟು? ಈ ಕಾಯಿಲೆಯಲ್ಲಿ ಕೆಲವು ವೃದ್ಧರಿಗೆ ಕರುಳಿನ ಸಣ್ಣ ರಕ್ತನಾಳಗಳಿಂದ ರಕ್ತ ಸೋರಿ ರಕ್ತಹೀನತೆ ಆಗುತ್ತದೆ. ಮಲ ಕಪ್ಪಾಗುತ್ತದೆಯೇ ಅಂತ ಕೇಳಿ. ನಮ್ಮ ಹೆಂಗಸರು ಕೇಳದೆ ಹೇಳುವವರಲ್ಲ.

ಹವಿಗನ್ನಡಿ (ಸಿದ್ದಾಪುರ)

ನಡುವೆ ಬಾಯಿ ಹಾಕ್ತಾ ಇದ್ದೆ, ಕ್ಷಮಿಸಿ. ಈ ವಾಲ್ವನ್ನು ದನದ ಚರ್ಮದಿಂದ ಮಾಡ್ತಾರೆ ಅಂತ ಕೇಳಿದ್ದೆ. ನಮ್ಮ ಭಾವನ ಅಪ್ಪನಿಗೆ ಹೇಳಿದಾಗ ಅವರು ಅದೊಂದೇ ಕಾರಣಕ್ಕೆ ಒಪ್ಪಲಿಲ್ಲ. ಲೋಹದ್ದು ಹಾಕಲು ಬರುವುದಿಲ್ಲವಾ?

ಹಳೇ ಸ್ಟೆತಸ್ಕೋಪ್

ಕೇಳಲೇಬೇಕಾದ ಪ್ರಶ್ನೆ. ಬಳಸುವುದು ಚರ್ಮವಲ್ಲ, ಹೃದಯದ ಸುತ್ತ ಇರುವ ತೆಳು ಪೊರೆ. ರಾಸಾಯನಿಕದಲ್ಲಿ ಹದ ಮಾಡಿ ಲೋಹದ ಜಾಲರಿಗೆ ಹೊಲಿದಿರುತ್ತಾರೆ. ಎಡ್ವರ್ಡ್ಸ್ ಕಂಪನಿಯ ಸೇಪಿಯನ್, ಗುಜರಾತಿನ ವಾಪಿಯ ಮೆರಿಲ್ ಕಂಪನಿಯ ಮೈವಾಲ್, ಎರಡರಲ್ಲೂ ದನದ ಪೊರೆ. ಮೆಡ್‌ಟ್ರಾನಿಕ್‌ನ ಇವಾಲ್ಯೂಟ್‌ನಲ್ಲಿ ಹಂದಿಯದು. ಜನ ಲೋಹದ್ದು ಅನ್ನುವ ಯಾಂತ್ರಿಕ ವಾಲ್ವ್ ಬೇಕೆಂದರೆ ಎದೆ ತೆರೆಯಲೇಬೇಕು, ಮಡಚಿ ಒಳಗೆ ಬಿಡಲು ಬರುವುದಿಲ್ಲ. ತಿರುವನಂತಪುರದ ಶ್ರೀಚಿತ್ರಾ ಸಂಸ್ಥೆ ರೂಪಿಸಿದ ಚಿತ್ರಾ ವಾಲ್ವ್ 1990ರಿಂದ ನಮ್ಮ ದೇಶದ ಸಾವಿರಾರು ಬಡವರನ್ನು ಬದುಕಿಸಿದೆ, ಅದು ಆ ಬಗೆಯದು. ಅದನ್ನು ಹಾಕಿಸಿಕೊಂಡವರು ಸಾಯುವವರೆಗೆ ರಕ್ತ ತೆಳುವಾಗಿಸುವ ಮಾತ್ರೆ ನುಂಗಿ, ರಕ್ತ ಎಷ್ಟು ತೆಳುವಾಗಿದೆ ಅಂತ ನೋಡುವ ಐ.ಎನ್.ಆರ್. ಪರೀಕ್ಷೆ ಆಗಾಗ ಮಾಡಿಸುತ್ತಿರಬೇಕು. ಬಚ್ಚಲಲ್ಲಿ ಜಾರಿ ಬೀಳುವ ವಯಸ್ಸಿನವರಿಗೆ ಆ ಮಾತ್ರೆ ಕೊಡಲು ನಮಗೇ ಹೆದರಿಕೆ.

ಇದನ್ನು ರೋಗಿಗೆ ಮುಚ್ಚಿಡಬೇಡಿ. ಮಡಿಯ ಹೆಂಗಸು ಒಬ್ಬರು "ನನ್ನ ಮಗು ಹಸುವಿನ ಹಾಲು ಕುಡಿದೇ ದೊಡ್ಡದಾಯಿತು, ಇದೂ ಅವಳೇ ಕೊಟ್ಟದ್ದು" ಅಂತ ಒಪ್ಪಿದ್ದನ್ನು ಕಂಡಿದ್ದೇನೆ. ಇನ್ನೊಬ್ಬರು ಕಡೆಗೂ ಒಪ್ಪಲಿಲ್ಲ. ಇಬ್ಬರದೂ ಅವರವರ ಮೈ, ಅವರವರ ತೀರ್ಮಾನ.

ಗಂಗಾವಳಿ ದಂಡೆ (ಅಂಕೋಲಾ)

ಬೇಡ ಅಂತ ಬಿಟ್ಟವರು ಇದ್ದರೆ ಹೇಳಿ ಅಂದಿರಲ್ಲ, ನಾವಿದ್ದೇವೆ.

ನಮ್ಮ ಅತ್ತೆಗೆ 88. ಇದೇ ಕಾಯಿಲೆ. ಆದರೆ ಅದು ಗೊತ್ತಾಗುವ ಹೊತ್ತಿಗೆ ಅವರಿಗೆ ಮರೆವಿನ ಕಾಯಿಲೆ ಬಂದು ಬಹಳ ಕಾಲ ಆಗಿತ್ತು. ಮಗನನ್ನೇ ಅಣ್ಣ ಅಂತ ಕರೆಯುತ್ತಿದ್ದರು. ಕಿಡ್ನಿಯೂ ಅಷ್ಟಕ್ಕಷ್ಟೆ. ಸೊಂಟ ಮುರಿದ ಮೇಲೆ ನಡೆದದ್ದಿಲ್ಲ. ನಾವು ಹೋದ ಆಸ್ಪತ್ರೆಯಲ್ಲಿ ಹಿರಿಯ ಡಾಕ್ಟರು ನಮ್ಮನ್ನು ಕೂರಿಸಿಕೊಂಡು, "ವಾಲ್ವ್ ಕೂರಿಸಲು ನನಗೆ ಬರುತ್ತದೆ. ಕೂರಿಸಿದ ಮೇಲೆ ಇವರು ಎದ್ದು ನಡೆಯುವುದಿಲ್ಲ, ನಿಮ್ಮನ್ನು ಗುರುತಿಸುವುದೂ ಇಲ್ಲ. ಸಿಟಿ ಸ್ಕ್ಯಾನಿನ ಔಷಧಕ್ಕೇ ಕಿಡ್ನಿ ಕೈಕೊಟ್ಟರೆ ಡಯಾಲಿಸಿಸ್‌ಗೆ ಹಾಕಬೇಕಾಗಬಹುದು" ಅಂದರು. ಬಲೂನು ಹಾಕಿ ಹಿಗ್ಗಿಸುವುದು ಒಂದಿದೆ, ಕೆಲವು ತಿಂಗಳಲ್ಲಿ ಮತ್ತೆ ಬಿಗಿಯುತ್ತದೆ ಅಂದರು. ಅದೂ ಬೇಡ ಅಂದೆವು.

ಮನೆಗೆ ತಂದೆವು. ನೀರು ಇಳಿಸುವ ಮಾತ್ರೆ, ತಲೆದಿಂಬು ಎತ್ತರ, ಒಂದು ಆಮ್ಲಜನಕದ ಯಂತ್ರ ಬಾಡಿಗೆಗೆ. ಕೊನೆಯಲ್ಲಿ ಉಸಿರಿನ ಸಂಕಟ ತಗ್ಗಿಸಲು ಡಾಕ್ಟರು ಮಾರ್ಫಿನ್ ಬರೆದುಕೊಟ್ಟರು. ಅದನ್ನು ಹುಡುಕಲು ನಾವು ಪಟ್ಟ ಪಾಡು ಬೇರೆಯೇ ಕಥೆ. ಬಿಡುವ ತೀರ್ಮಾನ ಮಾಡಿದರೆ, ಆ ಮಾತ್ರೆ ಎಲ್ಲಿ ಸಿಗುತ್ತದೆ, ರಾತ್ರಿ ಯಾರಿಗೆ ಫೋನ್ ಮಾಡಬೇಕು ಅಂತ ಅದೇ ದಿನ ಕೇಳಿಟ್ಟುಕೊಳ್ಳಿ. ಬೇಡ ಅನ್ನುವುದು ಅಂದರೆ ಮನೆಗೆ ಕರೆತಂದು ಮಲಗಿಸುವುದಷ್ಟೇ ಅಲ್ಲ, ಅದೂ ಕೈತುಂಬ ಕೆಲಸ.

ಆದರೆ ನಿಮ್ಮ ಆಯಿ ನಮ್ಮ ಅತ್ತೆಯ ಹಾಗಿಲ್ಲ. ಸೌದೆ ಎತ್ತುತ್ತಾರೆ, ದುಡ್ಡಿನ ಲೆಕ್ಕ ಹೇಳುತ್ತಾರೆ. ಅವರು "ಬೇಡ" ಅಂದದ್ದು ವಾಲ್ವನ್ನೋ ಖರ್ಚನ್ನೋ ಅಂತ ಕೇಳಿ ನೋಡಿದಿರಾ?

ರಾತ್ರಿಪಾಳಿ (ಹೊನ್ನಾವರದವಳು, ಈಗ ಮಂಗಳೂರು)

ನಾನು ಹೃದಯದ ಐಸಿಯುನಲ್ಲಿ ನರ್ಸ್. ಡಾಕ್ಟರು ಹೇಳದೆ ಬಿಡುವ ಕೆಲವನ್ನು ನಾನು ಹೇಳ್ತೆ.

85ರ ಮೇಲಿನವರು ಟಾವಿ ಆದ ರಾತ್ರಿ ಗಲಿಬಿಲಿ ಮಾಡಿಕೊಳ್ಳುವುದು ಬಹಳ. "ದನ ಬಿಚ್ಚಬೇಕು, ಬಿಡಿ ನನ್ನ" ಅಂತ ಎದ್ದು ಕೂರುತ್ತಾರೆ, ಡ್ರಿಪ್ ಕಿತ್ತು ಹಾಕುತ್ತಾರೆ. ಕಾಲು ಮಡಚಬಾರದು ಅಂದರೂ ಮಡಚುತ್ತಾರೆ, ತೂತು ಹಾಕಿದ ಜಾಗದಲ್ಲಿ ರಕ್ತ ಬರುತ್ತದೆ. ಕನ್ನಡಕ, ಕಿವಿಯ ಯಂತ್ರ, ಹಲ್ಲಿನ ಸೆಟ್ ಮನೆಯಲ್ಲಿ ಬಿಟ್ಟು ಬಂದಿದ್ದರೆ ಇನ್ನೂ ಜಾಸ್ತಿ. ಅವರ ಮಾತು ಬಲ್ಲವರು ಒಬ್ಬರು ಹತ್ತಿರ ಇರಲು ಬಿಡಿ ಅಂತ ಮೊದಲೇ ಕೇಳಿಕೊಳ್ಳಿ. ನಮ್ಮಲ್ಲಿ ಕೇರಳದ ಹುಡುಗಿಯರು ಬಹಳ ಒಳ್ಳೆಯವರು, ಆದರೆ "ಯಂಗೆ ಉಚ್ಚೆ ಬಂತು" ಅಂದರೆ ಅವರಿಗೆ ತಿಳಿಯಬೇಕಲ್ಲ.

ಎರಡನೆಯದು ಹಲ್ಲು. ನಿಮ್ಮ ಕಡೆ ಕವಳ (ಎಲೆಯಡಿಕೆ) ಹಾಕದ ಅಜ್ಜಿ ಇಲ್ಲ. ಹುಳುಕು ಹಲ್ಲು, ಕೀವಿನ ಒಸಡು ಇದ್ದರೆ ಅಲ್ಲಿಂದ ಕ್ರಿಮಿ ರಕ್ತಕ್ಕೆ ಇಳಿದು ಹೊಸ ವಾಲ್ವಿನಲ್ಲಿ ಕೂರುತ್ತದೆ. ಆಮೇಲೆ ಅದನ್ನು ತೆಗೆಯಲು ಸುಲಭದ ದಾರಿಯಿಲ್ಲ. ವಾಲ್ವಿಗೆ ಮೊದಲು ಹಲ್ಲು ತೋರಿಸಿ. ವಾಲ್ವ್ ಹಾಕಿದ ಮೇಲೂ ಹಲ್ಲು ಕೀಳಿಸುವಾಗೆಲ್ಲ ಮುಂಚೆ ಆ್ಯಂಟಿಬಯಾಟಿಕ್ ಬೇಕು, ಜನ್ಮವಿಡೀ.

ಮೂರನೆಯದು ಪಾರ್ಶ್ವವಾಯು. ಸುಣ್ಣದ ಚೂರು ಮಿದುಳಿಗೆ ಹೋಗಬಹುದು. ಈಗ ನೂರಕ್ಕೆ ಎರಡು ಮೂರು ಮಂದಿಗೆ ಅನ್ನುತ್ತಾರೆ. ಕಡಿಮೆ ಅನ್ನಿಸಬಹುದು, ಬಂದವರ ಮನೆಯವರಿಗೆ ಅದು ನೂರಕ್ಕೆ ನೂರು. ಇದನ್ನು ತಂಗಿಯ ಎದುರಿಗೂ ತಮ್ಮನ ಎದುರಿಗೂ ಒಟ್ಟಿಗೇ ಹೇಳಿ. ಇಲ್ಲದಿದ್ದರೆ ಏನಾದರೂ ಆದಾಗ ಮನೆ ಒಡೆಯುತ್ತದೆ. ಐಸಿಯು ಬಾಗಿಲಲ್ಲಿ ಅಣ್ಣತಮ್ಮಂದಿರ ಜಗಳ ನೋಡಿ ನೋಡಿ ಸಾಕಾಗಿದೆ.

ಸೊಸೈಟಿ ಗುಮಾಸ್ತ (ಯಲ್ಲಾಪುರ)

ದುಡ್ಡಿನ ಲೆಕ್ಕ ಯಾರೂ ಬಿಡಿಸುತ್ತಿಲ್ಲ, ನಾನು ಬಿಡಿಸುತ್ತೇನೆ. 18 ಲಕ್ಷದಲ್ಲಿ ದೊಡ್ಡ ಪಾಲು ವಾಲ್ವಿನದೇ. ವಾಲ್ವಿನ ಬೆಲೆ ಬೇರೆ, ಆಸ್ಪತ್ರೆಯ ಖರ್ಚು ಬೇರೆ ಅಂತ ಎರಡು ಕಾಗದ ಕೇಳಿ. ಭಾರತದಲ್ಲೇ ತಯಾರಾದದ್ದು, ವಿದೇಶಿ ಎರಡಕ್ಕೂ ಕೇಳಿ. ಆಯಿಯ ಅಳತೆಗೆ ಯಾವುದು ಸರಿ ಅನ್ನುವುದು ಸಿಟಿ ನೋಡಿದ ಡಾಕ್ಟರ ಕೆಲಸ. ಆದರೆ ಎರಡೂ ಸರಿಹೊಂದುತ್ತವೆ ಅಂದಮೇಲೆ ಬೆಲೆ ಕೇಳಲು ನಾಚಿಕೆ ಯಾಕೆ?

70 ದಾಟಿದವರಿಗೆ ಆದಾಯ ನೋಡದೆ ವರ್ಷಕ್ಕೆ ಕುಟುಂಬಕ್ಕೆ 5 ಲಕ್ಷದವರೆಗೆ ಆಯುಷ್ಮಾನ್ ಭಾರತ್ ರಕ್ಷಣೆಯನ್ನು ಕೇಂದ್ರ ಸರ್ಕಾರ 2024ರ ಅಕ್ಟೋಬರಿನಲ್ಲಿ ಶುರು ಮಾಡಿತು. ನೀವು ಹೋಗುವ ಆಸ್ಪತ್ರೆಯಲ್ಲಿ, ಈ ಚಿಕಿತ್ಸೆಗೆ, ಈಗ ಅದು ನಡೆಯುತ್ತದೆಯೋ ಅಂತ ಅಲ್ಲಿನ ಆರೋಗ್ಯಮಿತ್ರರ ಹತ್ತಿರ ಕೇಳದೆ ಲೆಕ್ಕಕ್ಕೆ ಹಿಡಿಯಬೇಡಿ. ಪೂರ್ತಿ 5 ಲಕ್ಷ ಸಿಕ್ಕರೂ ಉಳಿದ 13 ನಿಮ್ಮ ಕೈಯಿಂದಲೇ. ನಿಮ್ಮ ತಮ್ಮ ಹಳೇ ತೆರಿಗೆ ಪದ್ಧತಿಯಲ್ಲಿದ್ದು, ಆಯಿಗೆ ಆರೋಗ್ಯ ವಿಮೆ ಇಲ್ಲದಿದ್ದರೆ, ಆದಾಯ ತೆರಿಗೆಯ ಲೆಕ್ಕದಲ್ಲಿ ಆಯಿಯ ಚಿಕಿತ್ಸೆಯ ಖರ್ಚಿನಲ್ಲಿ 50,000ದವರೆಗೆ ಕಳೆಯಬಹುದು, ನಗದು ಕೊಟ್ಟದ್ದು ಬಿಟ್ಟು. ಸಮುದ್ರದಲ್ಲಿ ಒಂದು ಕೊಡ ನೀರು, ಆದರೂ ರಸೀದಿ ಇಟ್ಟುಕೊಳ್ಳಿ.

ತೋಟ ಅಡವಿಟ್ಟು ಮಾಡಬೇಡಿ ಅಂತ ಮಾತ್ರ ನನ್ನ ಮಾತು. ಅಪ್ಪನ ಚಿಕಿತ್ಸೆಗೆ ತೋಟ ಅಡವಿಟ್ಟವರ ಖಾತೆ ದಿನಾ ನೋಡುತ್ತೇನೆ.

ಕಾಳಿ ಸಂಗಮ (ಸದಾಶಿವಗಡ)

ಉತ್ತರ ಕನ್ನಡದಂತಹ ಇಷ್ಟು ದೊಡ್ಡ ಜಿಲ್ಲೆಯಲ್ಲಿ ಒಂದು ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಇಲ್ಲದೆ ಮಣಿಪಾಲ, ಮಂಗಳೂರು, ಹುಬ್ಬಳ್ಳಿ, ಗೋವಾ ಅಂತ ಅಲೆಯುವುದು ನಮ್ಮ ಹಣೆಬರಹ. 2019ರಲ್ಲಿ ಟ್ವಿಟರಿನಲ್ಲಿ ಕೂಗಿದೆವು. 2022ರಲ್ಲಿ ಹೊನ್ನಾವರದಿಂದ ರೋಗಿಯನ್ನು ಒಯ್ಯುತ್ತಿದ್ದ ಆಂಬುಲೆನ್ಸ್ ಬೈಂದೂರು ಹತ್ತಿರದ ಶಿರೂರು ಟೋಲಿನಲ್ಲಿ ಮಗುಚಿ ಜನ ಸತ್ತ ಮೇಲೆ ಮತ್ತೆ ಕೂಗಿದೆವು. ಓಟು ಕೇಳಲು ಬಂದವರು...

ನಿರ್ವಾಹಕರು

ಕಾಳಿ ಸಂಗಮ ಅವರೇ, ಆಸ್ಪತ್ರೆ ಹೋರಾಟಕ್ಕೆ ಬೇರೆ ಎಳೆ ಇದೆ, ಉಳಿದದ್ದನ್ನು ಅಲ್ಲಿಗೆ ಸಾಗಿಸಿದ್ದೇವೆ. ಇಲ್ಲಿ ಆಯಿಯ ವಿಷಯ ಮಾತ್ರ.

ಹಳೇ ಸ್ಟೆತಸ್ಕೋಪ್

ನಿರ್ವಾಹಕರು ಕತ್ತರಿ ಹಾಕಿದ್ದು ಸರಿ, ಆದರೆ ದೂರದ ಮಾತು ಈ ಎಳೆಗೂ ಬೇಕು. ಟಾವಿ ಆದವರಿಗೆ ಹೃದಯದ ಬಡಿತ ನಿಧಾನವಾಗುವ ತೊಂದರೆ ಕೆಲವೊಮ್ಮೆ ಮನೆಗೆ ಬಂದ ಮೇಲೆ, ಮೊದಲ ಕೆಲವು ವಾರಗಳಲ್ಲಿ ಕಾಣಿಸಿಕೊಳ್ಳುತ್ತದೆ. 2024ರ ಜುಲೈ 16ರಂದು ಅಂಕೋಲೆಯ ಶಿರೂರಿನಲ್ಲಿ ಗುಡ್ಡ ಕುಸಿದಾಗ ಹೆದ್ದಾರಿ ಎಷ್ಟು ದಿನ ಬಂದಾಗಿತ್ತು ನೆನಪಿದೆಯಲ್ಲ. ದೇವಿಮನೆ ಘಟ್ಟದ ಮಳೆಗಾಲದ ಸ್ಥಿತಿ ನಿಮಗೆ ನಾನು ಹೇಳಬೇಕಿಲ್ಲ. ಮಾಡಿಸುವುದಾದರೆ ಮಳೆ ಹಿಡಿಯುವ ಮೊದಲೇ ಮಾಡಿಸಿ. ಬಿಟ್ಟ ತಕ್ಷಣ ಊರಿಗೆ ಬರಬೇಡಿ, ಆಸ್ಪತ್ರೆಗೆ ಹತ್ತಿರದಲ್ಲಿ ನೆಂಟರ ಮನೆಯಲ್ಲಿ ಒಂದೆರಡು ವಾರ ಇರಿ.

ದಣಪೆಮನೆ

ಎಲ್ಲರಿಗೂ ಉಪಕಾರ ಆಯಿತು. ಅಂಕೋಲೆಯ ಅಕ್ಕ ಕೇಳಿದ ಪ್ರಶ್ನೆಯನ್ನೇ ಆಯಿಯ ಹತ್ತಿರ ಕೇಳಿದೆ. ಮೊದಲು ಉತ್ತರ ಬರಲಿಲ್ಲ. ರಾತ್ರಿ ಹಾಸಿಗೆ ಹಾಸುವಾಗ ಅವಳೇ ತೆಗೆದಳು. ಎದೆ ಸೀಳುತ್ತಾರೆ ಅಂತ ತಿಳಿದಿದ್ದಳಂತೆ. ಪಕ್ಕದ ಊರಿನ ಒಬ್ಬರ ಬೈಪಾಸ್ ಗಾಯ ನೋಡಿದ್ದಳು. ಹಾಗಲ್ಲ ಅಂದಮೇಲೆ ಎರಡು ಕೇಳಿದಳು: ಆಮೇಲೆ ತನ್ನ ಕೆಲಸ ತಾನು ಮಾಡಿಕೊಳ್ಳಬಹುದಾ, ಮಾಡದೆ ಇದ್ದರೆ ಹೇಗೆ ಸಾಯುತ್ತೇನೆ. ಎರಡನೆಯದಕ್ಕೆ ಡಾಕ್ಟರು ಇಲ್ಲಿ ಬರೆದದ್ದನ್ನೇ ಓದಿ ಹೇಳಿದೆ. ದನದ ಪೊರೆಯದೂ ಹೇಳಿದೆ. "ಅದೆಲ್ಲ ನಿಂಗಳ ತಲೆಬಿಸಿ" ಅಂದಳು.

ಜಗಲಿಯ ಐದು ಮೀಟರಿಗೆ ಐದು ಸೆಕೆಂಡು ಚಿಲ್ಲರೆ. ಗಡಿಯಾರ ಹಿಡಿದದ್ದು ನೋಡಿ ಓಡಿರಬೇಕು ಅಂತ ನನ್ನ ಅನುಮಾನ. ಹಿಮೋಗ್ಲೋಬಿನ್ 10.2.

ಎಲ್ಲರೂ ಸೇರಿ, ತಂಗಿಯನ್ನೂ ಕರೆದುಕೊಂಡು, ಬೇರೆ ಆಸ್ಪತ್ರೆಯಲ್ಲಿ ಎರಡನೇ ಅಭಿಪ್ರಾಯ ಕೇಳಿದೆವು. ಅಲ್ಲಿ ಸಿಟಿ ಆಯಿತು. ತೊಡೆಯ ರಕ್ತನಾಳ 6 ಮಿಲಿಮೀಟರ್ ಮೇಲಿದೆ, ಸಾಕು ಅಂದರು. ಇಸಿಜಿಯಲ್ಲಿ ಬಲಗಡೆಯ ಬಂಡಲ್ ಬ್ರಾಂಚ್ ಬ್ಲಾಕ್ (ಹೃದಯದ ಕರೆಂಟಿನ ಬಲಗಡೆಯ ದಾರಿ ಕಟ್ಟಾದದ್ದು) ಈಗಲೇ ಇದೆಯಂತೆ, ಹಾಗಾಗಿ ಪೇಸ್‌ಮೇಕರ್ ಬೀಳುವ ಸಂಭವ ಹೆಚ್ಚು ಅಂತ ಅವರೇ ಬಾಯಿಬಿಟ್ಟು ಹೇಳಿ, ಅದರ ಖರ್ಚನ್ನೂ ಬರೆದುಕೊಟ್ಟರು. ಬೈತಖೋಲದ ಅಣ್ಣ ಹೇಳದಿದ್ದರೆ ಅದು ಕೇಳಲು ನಮಗೆ ತೋಚುತ್ತಿರಲಿಲ್ಲ. ದೇಶಿ ವಾಲ್ವ್ ಅಳತೆಗೆ ಹೊಂದುತ್ತದೆ, ಮೊದಲಿನ ಅಂದಾಜಿಗಿಂತ ಕಡಿಮೆಯಲ್ಲಿ ಆಗುತ್ತದೆ. ಆಯಿ "ಆಗಲಿ" ಅಂದಿದ್ದಾಳೆ. ತಂಗಿ ಇನ್ನೂ ಪೂರ್ತಿ ಒಪ್ಪಿಲ್ಲ, ಆದರೆ ಜೊತೆಗೆ ಇರುತ್ತೇನೆ ಅಂದಿದ್ದಾಳೆ.

ಎರಡು ದವಡೆ ಹಲ್ಲು ಕೀಳಿಸಿ ಬನ್ನಿ ಅಂದರು. ಶಿರಸಿಯಲ್ಲೇ ಕೀಳಿಸಬಹುದಾ?

ಘಟ್ಟದ ಕೆಳಗಿನವ

ಅವರೇ ಆಗಲಿ ಅಂದಮೇಲೆ ನನ್ನದೇನಿಲ್ಲ. 18 ಲಕ್ಷ ಈಗಲೂ ಜಾಸ್ತಿಯೇ ಅನ್ನುತ್ತೆ. ಮಂಗಳೂರಿಗೆ ಹೋಗೂದಾದರೆ ಕುಮಟಾದಲ್ಲಿ ನಮ್ಮ ಮನೆಗೆ ಬಂದು ಊಟ ಮಾಡಿ ಹೋಗಿ, ಅಜ್ಜಿಗೆ ಒಂದೇ ಸಮ ಕೂರೂದು ಕಷ್ಟ.

ಹಳೇ ಸ್ಟೆತಸ್ಕೋಪ್

ಶಿರಸಿಯಲ್ಲೇ ಆಗುತ್ತದೆ, ಆದರೆ ಹಲ್ಲಿನ ಡಾಕ್ಟರಿಗೆ ಎಕೋ ರಿಪೋರ್ಟ್ ತೋರಿಸದೆ ಕುರ್ಚಿಯಲ್ಲಿ ಕೂರಿಸಬೇಡಿ. ಮರಗಟ್ಟಿಸುವ ಔಷಧದಲ್ಲಿ ಅಡ್ರಿನಾಲಿನ್ ಎಷ್ಟಿರಬೇಕು, ಇರಬೇಕೇ ಅಂತ ಅವರು ಹೃದಯ ತಜ್ಞರಿಗೆ ಫೋನ್ ಮಾಡಿ ಕೇಳಲಿ. ಒಂದು ಸಲಕ್ಕೆ ಒಂದೇ ಹಲ್ಲು ಸಾಕು. ಕುರ್ಚಿಯಿಂದ ನಿಧಾನ ಎಬ್ಬಿಸಿ.

ಎದೆನೋವು ಅಂದರೆ ನಾಲಿಗೆಯಡಿ ಸಾರ್ಬಿಟ್ರೇಟ್ ಇಡುವ ಅಭ್ಯಾಸ ಊರಲ್ಲಿದೆ. ಈ ಕಾಯಿಲೆಯಲ್ಲಿ ಬಿಪಿ ಧಡಕ್ಕನೆ ಇಳಿದು ಬೀಳುತ್ತಾರೆ, ನಿಮ್ಮ ತಜ್ಞರು ಹೇಳದೆ ಕೊಡಬೇಡಿ. ನೀರು ಇಳಿಸುವ ಮಾತ್ರೆ ಬರೆದಿದ್ದಾರಾ? ಬರೆದಿದ್ದರೆ ವಾಲ್ವ್ ಆಗುವವರೆಗೆ ಏಕಾದಶಿ ಉಪವಾಸ ಬಿಡಿಸಿ. 10.2 ಹಿಮೋಗ್ಲೋಬಿನ್ ಯಾಕೆ ಅಂತ ಕೇಳಿದಿರಾ?

ರಾತ್ರಿಪಾಳಿ

ಹಲ್ಲು ಕಿತ್ತ ಗಾಯ ಒಣಗುವವರೆಗೆ ಕವಳವೂ ಬೇಡ ಅಂತ ಹೇಳಿ. ಇಷ್ಟೂ ಚರ್ಚೆಯಲ್ಲಿ ಅಜ್ಜಿ ಜಗಳಕ್ಕೆ ಬರುವುದು ಅದೊಂದಕ್ಕೇ, ನೋಡ್ತಾ ಇರಿ. ಬರುವ ದಿನ ಗೊತ್ತಾದರೆ ಸಂದೇಶ ಹಾಕಿ, ನಮ್ಮ ಆಸ್ಪತ್ರೆ ಅಲ್ಲದಿದ್ದರೂ ಆ ಕಡೆ ಹವ್ಯಕ ಮಾತು ಬಲ್ಲ ಸಿಸ್ಟರ್ ಯಾರಿದ್ದಾರೆ ವಿಚಾರಿಸ್ತೆ.

ದಣಪೆಮನೆ

ಹಿಮೋಗ್ಲೋಬಿನ್ ಕೇಳಿದೆವು ಡಾಕ್ಟ್ರೇ, ಮಲ ಪರೀಕ್ಷೆಗೆ ಬರೆದಿದ್ದಾರೆ, ಸೋಮವಾರ ಕೊಡುತ್ತೇವೆ. ನೀರು ಇಳಿಸಲು ಲ್ಯಾಸಿಕ್ಸ್ ಅರ್ಧ ಮಾತ್ರೆ ಇದೆ. ಏಕಾದಶಿಯ ವಿಷಯ ನನ್ನಿಂದ ಆಗುವುದಿಲ್ಲ, ತಂಗಿಯ ಹತ್ತಿರ ಹೇಳಿಸುತ್ತೇನೆ.